ತಲುಪಿಸಬೇಕಾದ ಪಂಚೆ

ಸೋಗೆಕೆರೆಯ ಸಂತ ಅನ್ನಮ್ಮನವರ ದೇವಾಲಯದ ಬೆನ್ನಿಗೆ ಕೆರೆಯ ಏರಿ. ಏರಿಯ ಬುಡಕ್ಕೆ ಒಂದು ಒಗೆಯುವ ಕಲ್ಲು. ಈಗ ಅಲ್ಲಿ ಯಾರೂ ಬಟ್ಟೆ ಒಗೆಯುವುದಿಲ್ಲ. ಆದರೂ ಊರಿನ ಮಕ್ಕಳು, ಎಷ್ಟೇ ತುಂಟರಿರಲಿ, ಆ ಕಲ್ಲಿನ ಮೇಲೆ ಚಪ್ಪಲಿ ಕಾಲಿಡುವುದಿಲ್ಲ. ಪುಣ್ಯವತಿ ಮದಲೇನಮ್ಮನವರು ಐವತ್ತು ವರ್ಷಕ್ಕೂ ಮೇಲೆ ನಿಂತು ದುಡಿದ ಕಲ್ಲು ಅದು.

ಅಮ್ಮನವರು ಓದುಬರಹ ಬಲ್ಲವರಲ್ಲ. ಹದಿನೆಂಟಕ್ಕೇ ಗಂಡನನ್ನು ಕಳೆದುಕೊಂಡು, ಅಗಸರ ಕಸುಬನ್ನೇ ಹಿಡಿದು, ದೇವಾಲಯದ ಪೀಠವಸ್ತ್ರಗಳನ್ನೂ ಊರಿನ ನಲವತ್ತು ಮನೆಗಳ ಬಟ್ಟೆಯನ್ನೂ ಒಗೆದು ಬದುಕಿದವರು. ಅವರ ತಪಸ್ಸು ಯಾವುದೆಂದು ಕೇಳಿದರೆ ಇದೇ. ಕಲ್ಲಿಗೆ ಒಂದೊಂದು ಬಟ್ಟೆ ಹಾಕುವಾಗಲೂ ಅದನ್ನು ಉಡುವವರ ಹೆಸರು ಹೇಳಿ ಒಂದು ‘ನಮೋ ಮರಿಯೆ’ ಜಪಿಸುತ್ತಿದ್ದರು. ಕುಡುಕನ ಅಂಗಿಗೂ ಒಂದೇ ಜಪ, ಪಟೇಲರ ರುಮಾಲಿಗೂ ಒಂದೇ ಜಪ. ಯಾವುದು ಯಾರದೆಂದು ತಿಳಿಯಲು ಗುರುತುಗಳಿದ್ದವು. ಗುಡ್ಡದಲ್ಲಿ ಸಿಗುವ ಕಪ್ಪು ಗೇರಿನ ಬೀಜವನ್ನು ಸೂಜಿಯಿಂದ ಚುಚ್ಚಿ, ಆ ರಸದಲ್ಲಿ ಬಟ್ಟೆಯ ಮೂಲೆಗೆ ಮನೆಗೊಂದು ಗುರುತು ಹಾಕುವುದು ಅಗಸರ ರೂಢಿ. ಬಟ್ಟೆ ಹರಿದು ಚಿಂದಿಯಾದರೂ ಆ ಗುರುತು ಹೋಗದು. ಒಬ್ಬರ ಮನೆಗೆ ಎರಡು ಗೆರೆ, ಇನ್ನೊಬ್ಬರಿಗೆ ಒಂದು ಸೊನ್ನೆ, ಸವೇರಪ್ಪ ಉಪದೇಶಿಗಳ ಮನೆತನಕ್ಕೆಲ್ಲ ಮೂರು ಚುಕ್ಕಿ, ಅದರ ಕೆಳಗೊಂದು ಗೆರೆ.

ಈ ಪ್ರಸಂಗ ಆ ಸವೇರಪ್ಪನವರದ್ದು.

ಉಪದೇಶಿ ಎಂದರೆ ಮಕ್ಕಳಿಗೆ ಜಪ ಕಲಿಸುವವರು, ದೊಡ್ಡವರಿಗೆ ಧರ್ಮ ಹೇಳುವವರು, ಪೂಜೆ ಮಾಡುವ ಪಾದ್ರಿ ಗುರುಗಳಿಗೆ ಬಲಗೈಯಂತಿರುವವರು. ಸವೇರಪ್ಪನವರು ಆ ಕೆಲಸಕ್ಕೆ ಬಂದು ನಾಲ್ಕು ವರ್ಷವಾಗಿತ್ತು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ, ಇವರದು ಇನ್ನೂ ಅದೇ ಉತ್ಸಾಹ. ಧರ್ಮೋಪದೇಶದ ಪ್ರಶ್ನೋತ್ತರಗಳು ನಾಲಿಗೆ ತುದಿಯಲ್ಲೇ ಇದ್ದವು. ಮಧ್ಯರಾತ್ರಿ ಎಬ್ಬಿಸಿ ಕೇಳಿದ್ದರೂ ಒಪ್ಪಿಸುತ್ತಿದ್ದರು, ಕೇಳುವವರು ಇರಲಿಲ್ಲ ಅಷ್ಟೆ. ಮದಲೇನಮ್ಮನವರ ಬಳಿಗೆ ಹೆಂಗಸರು ಜ್ವರದ ಮಕ್ಕಳನ್ನು ಎತ್ತಿಕೊಂಡು ಹೋಗುವುದನ್ನು ಕಂಡರೆ ಅವರಿಗೆ ನಗು. “ಬಟ್ಟೆ ಒಗೆಯೋ ಚೌಳು ಮಣ್ಣಿನ ಕೈ ತಾಗಿದರೆ ಜ್ವರ ಇಳಿಯುತ್ತದಂತೆ! ಹಾಗಿದ್ದರೆ ಡಾಕ್ಟರು ಯಾತಕ್ಕೆ, ಗುರುಗಳು ಯಾತಕ್ಕೆ?” ಎನ್ನುತ್ತಿದ್ದರು.

ಅವರಿಗೆ ಒಬ್ಬ ಅಣ್ಣನಿದ್ದ, ಬರ್ತಲೋಮ. ಕೆರೆಯಾಚೆ ಹುಣಿಸೆ ತೋಪು ಕಾಯುತ್ತ ಅಲ್ಲೇ ಗುಡಿಸಲಲ್ಲಿ ಒಂಟಿಯಾಗಿ ಇದ್ದವನು. ಹೆಂಡ ಕುಡಿಯುವವನು, ಪೂಜೆಗೆ ಬಂದು ಹನ್ನೆರಡು ವರ್ಷವಾಗಿತ್ತು. ಅದೂ ಸಾಲದೆಂದು ಕುಚೋದ್ಯ ಬೇರೆ. ಒಮ್ಮೆ ‘ಸಾಯ್ತಾ ಇದೀನಿ, ಸ್ವಾಮಿಗಳನ್ನ ಕಳಿಸು’ ಎಂದು ತಮ್ಮನಿಗೆ ಹೇಳಿಕಳುಹಿಸಿದ. ಗುರುಗಳು ಸುಡುಬಿಸಿಲಲ್ಲಿ ಎರಡು ಮೈಲಿ ನಡೆದು, ದೇವರ ಶರೀರವೇ ಎಂದು ನಂಬುವ ಸತ್ಪ್ರಸಾದವನ್ನೂ ಸಾಯುವವರಿಗೆ ಹಚ್ಚುವ ಕಡೆಗಾಲದ ಎಣ್ಣೆಯನ್ನೂ ಹಿಡಿದು ಹೋದರೆ, ಬರ್ತಲೋಮ ಮರದಡಿ ಕೂತು ಕಡಲೆಕಾಯಿ ಸುಲಿಯುತ್ತಿದ್ದ. “ಬರ್ತೀರೋ ಇಲ್ವೋ ನೋಡ್ದೆ ಸ್ವಾಮಿ” ಎಂದು ನಕ್ಕ. ಇನ್ನೊಮ್ಮೆ ಮಳೆಯಲ್ಲಿ ಕರೆಸಿ, ಗುಡಿಸಲ ಹಿಂದೆ ಅವಿತು ಕೂತ. ಸವೇರಪ್ಪನವರಿಗೆ ಆ ದಿನ ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಗುರುಗಳು ಒದ್ದೆ ನಿಲುವಂಗಿ ಹಿಂಡುತ್ತ, “ಇರಲಿ ಬಿಡಿ” ಎಂದರಷ್ಟೆ.

ಮೂರನೆಯ ಸಲ ಕರೆ ಬಂದದ್ದು ಒಂದು ಮಧ್ಯಾಹ್ನ. ತೋಪಿನ ಪಕ್ಕದ ಹೊಲದ ಮುದುಕಿಯೊಬ್ಬಳು ಏದುಸಿರು ಬಿಡುತ್ತ ಬಂದು, “ನಿಮ್ಮಣ್ಣ ಕರೀತಾವ್ನೆ, ಸ್ವಾಮಿಗಳು ಬೇಕಂತೆ” ಎಂದಳು. ಸವೇರಪ್ಪನವರು ಮಕ್ಕಳಿಗೆ ಪಾಠ ಹೇಳುತ್ತಿದ್ದರು. ತೋಳ ಬಂತು ತೋಳ ಎಂಬ ಕಥೆ ಯಾರಿಗೆ ಗೊತ್ತಿಲ್ಲ? “ನೋಡೋಣ, ಹೋಗು” ಎಂದು ಪಾಠ ಮುಂದುವರಿಸಿದರು. ಗುರುಗಳು ಅಲ್ಲೇ ಪಕ್ಕದ ಮನೆಯಲ್ಲಿದ್ದರು, ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ. ಸಂಜೆಯ ಗಂಟೆ ಹೊಡೆಯುವ ಹೊತ್ತಿಗೆ ಬರ್ತಲೋಮ ಹೋದ ಸುದ್ದಿ ಬಂತು. “ಹೇಳಿಕಳಿಸೋಕೂ ಹೊತ್ತಿರಲಿಲ್ಲವೇ ಪಾಪ?” ಎಂದು ಗುರುಗಳು ಕೇಳಿದಾಗ, ಸವೇರಪ್ಪನವರ ಬಾಯಿಂದ “ಇಲ್ಲ ಸ್ವಾಮಿ” ಎಂಬ ಮಾತು ಬಂದುಹೋಯಿತು. ಆ ಸುಳ್ಳನ್ನು ನುಂಗಲೂ ಆಗದೆ ಉಗುಳಲೂ ಆಗದೆ ಎಂಟು ತಿಂಗಳು ಕಳೆದವು.

ಈಗ ಸತ್ತವರ ಹಬ್ಬ ಹತ್ತಿರ ಬಂತು. ನವೆಂಬರ್ ಎರಡರಂದು ಊರಿನ ಸತ್ತವರ ಹೆಸರುಗಳನ್ನೆಲ್ಲ ಪೀಠದ ಬಳಿ ಓದಿ ಅವರಿಗಾಗಿ ಪೂಜೆ ಮಾಡುವುದು ಪದ್ಧತಿ. ಪಟ್ಟಿ ಬರೆಯುವುದು ಉಪದೇಶಿಯ ಕೆಲಸ. ಸವೇರಪ್ಪನವರು ಇಡೀ ಊರಿನ ಹೆಸರು ಬರೆದು ಮುಗಿಸಿದರು. ಅಣ್ಣನ ಹೆಸರಿಗೆ ಬಂದಾಗ ಲೇಖನಿ ನಿಂತಿತು.

ಯಾಕೆ ನಿಂತಿತು ಎನ್ನುವಿರಾ? ಆ ವರ್ಷ ಈಸ್ಟರಿನ ಮುಂಚಿನ ತಪಸ್ಸುಕಾಲದಲ್ಲಿ ಹೊರಗಿನಿಂದ ಬಂದಿದ್ದ ಗುರುಗಳೊಬ್ಬರು ಮೂರು ದಿನ ನರಕದ ಮೇಲೆಯೇ ಪ್ರಸಂಗ ಮಾಡಿದ್ದರು. ಸ್ವರ್ಗಕ್ಕೆ ಹೋಗುವ ಮುಂಚೆ ಪಾಪದ ಕೊಳೆ ಕಳೆಯುವ ‘ಉತ್ತರಿಸುವ ಸ್ಥಳ’ದಲ್ಲಿರುವವರಿಗೆ ನಮ್ಮ ಜಪ ತಲುಪುತ್ತದೆ, ನರಕಕ್ಕೆ ಬಿದ್ದವರಿಗೆ ತಲುಪದು, ಆ ಬಾಗಿಲು ಒಳಕ್ಕೆ ಮಾತ್ರ ತೆರೆಯುವುದು ಎಂದು ಅವರು ಹೇಳಿದ್ದು ಸವೇರಪ್ಪನವರ ಕಿವಿಯಲ್ಲಿ ಕೂತಿತ್ತು. ಪಾಪ ಒಪ್ಪಿಕೊಳ್ಳದೆ ಸತ್ತ ಅಣ್ಣ ಅಲ್ಲಿಗೇ ಬಿದ್ದಿದ್ದರೆ ಹೆಸರು ಬರೆದು ಏನು ಬಂತು? ತಳಮಳ ತಡೆಯದೆ ಪೇಟೆಯ ದೇವದಾನಪ್ಪ ಮೇಷ್ಟ್ರನ್ನು ಹುಡುಕಿಕೊಂಡು ಹೋದರು. ಮೇಷ್ಟ್ರು ಪ್ರೊಟೆಸ್ಟೆಂಟರು, ತಮ್ಮ ಸಭೆಯವರಿಗೇ ಬೇಡವಾದ ಒಂದು ವಾದ ಹಿಡಿದವರು. “ಅಯ್ಯೋ ಸವೇರಪ್ಪನೋರೆ, ಕಳೆದ ಒಂದು ಕುರಿಗಾಗಿ ಗುಡ್ಡ ಹತ್ತಿದ ಕುರುಬ ಕೊನೆಗೆ ಅರ್ಧ ಮಂದೆ ಬಿಟ್ಟು ಬಾಗಿಲು ಹಾಕ್ಕೋತಾನಾ? ಕಡೇಗೆ ನರಕ ಖಾಲಿ. ಎಲ್ಲರೂ ಮನೆ ಸೇರ್ತಾರೆ. ಸತ್ತವರಿಗೆ ಜಪಾನೂ ಬೇಡ, ಪಟ್ಟೀನೂ ಬೇಡ” ಎಂದು ಕಾಫಿ ಕೊಟ್ಟು ಕಳುಹಿಸಿದರು.

ನರಕ ಉಂಟಾದರೆ ಹೆಸರು ಬರೆದು ಫಲವಿಲ್ಲ. ಇಲ್ಲವಾದರೆ ಬರೆಯುವ ಅಗತ್ಯವೇ ಇಲ್ಲ. ದಾರಿಯುದ್ದಕ್ಕೂ ಸವೇರಪ್ಪನವರು ಇದನ್ನೇ ತಿರುವಿ ಮುರುವಿ ಹಾಕಿದರು. ಎಲ್ಲರೂ ಸ್ವರ್ಗಕ್ಕೆ ಸೇರುವುದಾದರೆ ನಾನು ಗುರುಗಳನ್ನು ಕರೆಯದೆ ಹೋದದ್ದು ತಪ್ಪೇ ಅಲ್ಲವಲ್ಲ ಎಂದು ಒಂದು ಗಳಿಗೆ ಹಗುರವಾಯಿತು. ಮರುಗಳಿಗೆ ನಾನು ತಪ್ಪಿಸಿಕೊಳ್ಳುವುದಕ್ಕೆ ನರಕವನ್ನೇ ಖಾಲಿ ಮಾಡಲು ಹೊರಟಿದ್ದೇನಲ್ಲ ಎಂದು ತಮ್ಮ ಮೇಲೆ ತಮಗೇ ಹೇಸಿಗೆ ಬಂತು. ಅಣ್ಣ ಎಲ್ಲಿದ್ದಾನೆ? ಕಳುಹಿಸಿದವನು ನಾನೇನಾ? ಬುದ್ಧಿವಂತನ ತಲೆ ಕಲಗಚ್ಚಾಗಿತ್ತು.

ಹಬ್ಬಕ್ಕೆ ಐದು ದಿನವಿರುವಾಗ ಪೀಠವಸ್ತ್ರಗಳನ್ನು ಒಗೆಯಲು ಕೊಡಬೇಕಾಯಿತು. ಪದ್ಧತಿಯಂತೆ ಮೊದಲ ಸಲ ಗುರುಗಳೇ ನೀರಿನಲ್ಲಿ ಜಾಲಿಸಿ ಕೊಟ್ಟ ಮೇಲೆ ಗಂಟನ್ನು ಹೊತ್ತು ಸವೇರಪ್ಪನವರು ಬೆಳಗಿನಲ್ಲೇ ಏರಿಯಿಳಿದರು. ಜೇಬಿನಲ್ಲಿ ಪಟ್ಟಿ. ಪಟ್ಟಿಯಲ್ಲಿ ಒಂದು ಖಾಲಿ ಸಾಲು.

ಮದಲೇನಮ್ಮನವರು ಉಬ್ಬೆ ಹೂಡುತ್ತಿದ್ದರು. ಚೌಳಿನಲ್ಲಿ ನೆನೆಸಿದ ಬಟ್ಟೆಗಳನ್ನು ದೊಡ್ಡ ಹಂಡೆಯ ಮೇಲೆ ಪೇರಿಸಿ, ಕೆಳಗೆ ಬೆಂಕಿ ಹಾಕಿ, ಆವಿಯಲ್ಲಿ ಬೇಯಿಸುವುದಕ್ಕೆ ಉಬ್ಬೆ ಎನ್ನುತ್ತಾರೆ. ಎಂಥ ಹಟದ ಕೊಳೆಯೂ ಅಲ್ಲಿ ಸಡಿಲಾಗುತ್ತದೆ. ಅಮ್ಮನವರಿಗೆ ಆಗ ಎಪ್ಪತ್ತು ದಾಟಿತ್ತು. ಬೆರಳುಗಳು ನೀರಿನಲ್ಲಿ ನೆನೆದು ನೆನೆದು ಬಿಳಿಚಿ ಸುಕ್ಕಾಗಿದ್ದವು. ತುಟಿ ಮಾತ್ರ ಅಲ್ಲಾಡುತ್ತಿತ್ತು, ಹೆಸರೊಂದು, ನಮೋ ಮರಿಯೆ ಒಂದು.

ಗಂಟು ಇಳಿಸುವಾಗ ಸವೇರಪ್ಪನವರ ಕಣ್ಣಿಗೆ ಒಂದು ಪಂಚೆ ಬಿತ್ತು. ಹಿಂದಿನ ವಾರ ಕೊಟ್ಟಿದ್ದ, ಪೀಠದ ಮೇಲೆ ಹಾಸುವ ಉದ್ದನೆಯ ಬಿಳಿ ವಸ್ತ್ರದ ಪಕ್ಕದಲ್ಲೇ ಅದನ್ನು ಮಡಿಸಿ ಇಟ್ಟಿದ್ದರು. ಮೂಲೆಯಲ್ಲಿ ಮೂರು ಚುಕ್ಕಿ, ಕೆಳಗೊಂದು ಗೆರೆ. ಅಂಚಿನಲ್ಲಿ ಬೀಡಿ ತಾಗಿ ಸುಟ್ಟ ತೂತು. ಆ ತೂತನ್ನು ಅವರು ಬಲ್ಲರು.

“ಇದು ನಮ್ಮಣ್ಣಂದಲ್ವಾ?”

“ಹೌದು ಉಪದೇಶಿಯೋರೆ.”

“ಸತ್ತೋರ ಬಟ್ಟೆ ನಿಮ್ಮೋರಿಗೆ ಸೇರೋದು, ಸರಿ. ಉಟ್ಕೋ, ಹರಿದು ಮಸಿಬಟ್ಟೆ ಮಾಡು. ಆ ಕುಡುಕನ ಪಂಚೇನ ಪೀಠದ ವಸ್ತ್ರದ ಜೊತೆ ಉಬ್ಬೆಗೆ ಹಾಕ್ತೀಯಲ್ಲ, ನಿನಗೆ ಬುದ್ಧಿ ನೆಟ್ಟಗಿದೆಯಾ ಮದಲೇನಮ್ಮ?”

ದನಿ ಏರಿತ್ತು. ಸಿಟ್ಟು ಪಂಚೆಯ ಮೇಲಿನದಲ್ಲ ಎಂದು ನಮಗೆ ನಿಮಗೆ ಗೊತ್ತು. ಅಮ್ಮನವರಿಗೂ ಗೊತ್ತಾಗಿರಬೇಕು, ಅವರು ಬೇಸರ ಪಡಲಿಲ್ಲ.

“ಸತ್ತ ಮೇಲೆ ಬಂದಿದ್ದಲ್ಲ ಇದು. ಅವರೇ ತಂದು ಹಾಕಿದ್ದು, ಹೋಗೋಕೆ ಎರಡು ದಿನ ಮುಂಚೆ. ಮೈ ಕೆಂಡದಂಗೆ ಸುಡ್ತಿತ್ತು. ‘ಸ್ವಾಮಿಗಳು ಬರ್ತಾರಮ್ಮ, ಹೊಲಸು ಪಂಚೆ ಉಟ್ಕೊಂಡು ಹೆಂಗೆ ದೇವರನ್ನ ತಗೊಳ್ಳಲಿ, ಬೇಗ ಒಗೆದುಕೊಡು’ ಅಂದ್ರು.” ಅಮ್ಮನವರ ಕೈ ಕೆಲಸ ನಿಲ್ಲಿಸಿತು. “ಉಬ್ಬೆ ಇಳಿಯೋಕೆ ಮೂರು ದಿನ ಆಗುತ್ತೆ ಅಂದೆ. ಬಾಯಿಗೆ ಬಂದಿದ್ದು ಅಂದುಬಿಟ್ಟೆ. ಬರೀ ನೀರಲ್ಲಿ ಸೆಳೆದು ಸಾಯಂಕಾಲಕ್ಕೆ ಕೊಡಬೋದಿತ್ತು. ಕೊಡಲಿಲ್ಲ.”

ಸವೇರಪ್ಪನವರು ಅಲ್ಲೇ ಏರಿಯ ಕಲ್ಲಿನ ಮೇಲೆ ಕೂತರು. ಮೂರನೆಯ ಕರೆ ನಿಜವಾಗಿತ್ತು. ಹನ್ನೆರಡು ವರ್ಷ ಪೂಜೆಗೆ ಕಾಲಿಡದವನು ಜ್ವರದಲ್ಲಿ ಎರಡು ಮೈಲಿ ನಡೆದು ಪಂಚೆ ಒಗೆಯಲು ಹಾಕಿದ್ದ. ಅಣ್ಣನ ಗತಿಯ ಬಗೆಗಿನ ಭಯ ಆ ಕ್ಷಣಕ್ಕೆ ಇಳಿದೇ ಹೋಯಿತು, ಅದು ಇಳಿದ ಜಾಗಕ್ಕೆ ಇನ್ನೊಂದು ಏರಿ ಕೂತಿತು. ಹಾಗಾದರೆ ಬಾಗಿಲು ಮುಚ್ಚಿದವನು ತಾನು. ನರಕ ಇದ್ದದ್ದೇ ಆದರೆ ಅದರಲ್ಲಿ ಇರಬೇಕಾದ ಹೆಸರು ಯಾರದು? ಎಂಟು ತಿಂಗಳಿಂದ ಯಾರಿಗೂ ಹೇಳದಿದ್ದ ಮಾತೆಲ್ಲ, ಮುದುಕಿ ಬಂದದ್ದು, ತಾವು ನೋಡೋಣ ಎಂದದ್ದು, ಗುರುಗಳಿಗೆ ಸುಳ್ಳು ಹೇಳಿದ್ದು, ಎಲ್ಲ ಒಗೆಯುವ ಕಲ್ಲಿನ ಮುಂದೆ ಹೊರಬಿತ್ತು. ಗಂಡಸಾದರೂ ಮಗುವಿನಂತೆ ಅತ್ತರು.

“ಹೇಳು ಮದಲೇನಮ್ಮ, ನರಕ ಅನ್ನೋದು ಇದೆಯಾ, ಇಲ್ವಾ? ಒಬ್ಬರು ಇದೆ ಅಂತಾರೆ, ಒಬ್ಬರು ಖಾಲಿ ಅಂತಾರೆ. ನನ್ನ ತಲೆ ಕೆಟ್ಟುಹೋಗಿದೆ.”

“ನನಗೇನು ಗೊತ್ತು ಉಪದೇಶಿಯೋರೆ, ನಾನು ಓದಿದೋಳಾ?” ಅಮ್ಮನವರು ಒಲೆಗೆ ಒಂದು ಸೌದೆ ನೂಕಿದರು. ಆಮೇಲೆ ಕೇಳಿದರು, “ಯೇಸುಸ್ವಾಮಿ ಶಿಲುಬೆ ಮೇಲೆ ಸತ್ತ ಮೇಲೆ ಎಲ್ಲಿಗೆ ಇಳಿದರು ಅಂತ ಮಕ್ಕಳಿಗೆ ಹೇಳ್ಕೊಡ್ತೀರಿ?”

“ಪಾತಾಳಕ್ಕೆ.”

“ಯಾತಕ್ಕೆ?”

ಇದಕ್ಕೂ ಪ್ರಶ್ನೋತ್ತರದಲ್ಲಿ ಉತ್ತರವಿತ್ತು. ಪೂರ್ವಕಾಲದ ನೀತಿವಂತರನ್ನು ಬಿಡಿಸುವುದಕ್ಕೆ ಎಂಬ ಉತ್ತರ, ನಾಲ್ಕು ವರ್ಷದಲ್ಲಿ ನಾನೂರು ಸಲ ಹೇಳಿಸಿದ್ದು. ಸವೇರಪ್ಪನವರು ಬಾಯಿ ತೆರೆದರು. ಆ ದಿನ ಅದು ಬರಲಿಲ್ಲ.

ಅಮ್ಮನವರೇ ಹೇಳಿದರು. “ನಲವತ್ತು ಮನೆ ಬಟ್ಟೆ ಒಗೀತೀನಿ. ಒಂದೊಂದ್ಸಲ ಅದಲು ಬದಲಾಗಿ, ನಿಮ್ಮನೆದು ಇನ್ಯಾರ ಮನೆಗೋ ಹೋಗಿಬಿಡುತ್ತೆ. ಹೋದ್ರೆ ಹೋಯ್ತು ಅನ್ನೋಕಾಗುತ್ತಾ? ಗುರುತಿದೆಯಲ್ಲ. ಎಂಥಾ ಮನೆ ಆಗ್ಲಿ, ಬೈದ್ರೂ ಸರಿ, ನಾಯಿ ಬಿಟ್ರೂ ಸರಿ, ನಾನೇ ಹೋಗಿ ಬಾಗಿಲು ತಟ್ಟಿ ತರಬೇಕು. ಪಾತಾಳಕ್ಕೆ ಇಳಿದರು ಅಂತ ನೀವು ಹೇಳಿಕೊಡೋವಾಗೆಲ್ಲ, ಸ್ವಾಮಿನೂ ಬಟ್ಟೆ ತರೋಕೇ ಹೋಗಿದ್ರು ಅಂದ್ಕೊತೀನಿ.”

ಕೆರೆಯ ಮೇಲಿನ ಗಾಳಿ ಬೀಸಿ ಒಲೆಯ ಹೊಗೆ ಇಬ್ಬರ ಮುಖಕ್ಕೂ ಬಡಿಯಿತು. ಕ್ರೈಸ್ತ ದೀಕ್ಷೆಯಾದ ಜ್ಞಾನಸ್ನಾನ ಪಡೆದವರ ಆತ್ಮಕ್ಕೆ ಅಳಿಯದ ಮುದ್ರೆ ಬೀಳುತ್ತದೆ ಎಂದು ಮಕ್ಕಳಿಗೆ ಹೇಳಿಕೊಟ್ಟದ್ದು ಸವೇರಪ್ಪನವರಿಗೆ ನೆನಪಾಯಿತು. ನರಕಕ್ಕೆ ಬಿದ್ದರೂ ಆ ಮುದ್ರೆ ಹೋಗದು, ಅಲ್ಲಿ ಅದು ಅವಮಾನದ ಮುದ್ರೆ ಎಂದು ತಪಸ್ಸುಕಾಲದ ಗುರುಗಳು ಹೇಳಿದ್ದೂ ನೆನಪಾಯಿತು. ಒಂದೇ ಗುರುತು, ಒಬ್ಬರು ಅದನ್ನು ಅವಮಾನ ಎಂದರು, ಈ ಹೆಂಗಸು ವಿಳಾಸ ಎನ್ನುತ್ತಿದ್ದಾರೆ. ಯಾವುದು ಸರಿ? ಗೊಂದಲ ಇಳಿಯಲಿಲ್ಲ, ಆದರೆ ಎದೆಯ ಮೇಲೆ ಕೂತಿದ್ದ ಕಲ್ಲು ಸ್ವಲ್ಪ ಜರುಗಿತು.

“ಸ್ವಾಮಿ ಎಲ್ಲಾ ಬಟ್ಟೆನೂ ತಂದರಾ ಅಮ್ಮ? ಒಂದೂ ಬಿಡದೆ?”

ಅದುವರೆಗೆ ಮದಲೇನಮ್ಮ, ನೀನು, ತಾನು ಎನ್ನುತ್ತಿದ್ದ ಬಾಯಿಂದ ‘ಅಮ್ಮ’ ಎಂಬ ಮಾತು ಬಂದದ್ದು ಆಗಲೇ. ಅವರಿಗೇ ಗೊತ್ತಾಗಲಿಲ್ಲ.

ಅಮ್ಮನವರು ಪಂಚೆಯನ್ನು ಎತ್ತಿಕೊಂಡರು. ಎಂಟು ತಿಂಗಳು ಪ್ರತಿ ಉಬ್ಬೆಯಲ್ಲೂ ಬೆಂದು ಅದು ಪೀಠವಸ್ತ್ರಕ್ಕಿಂತ ಬೆಳ್ಳಗಾಗಿತ್ತು, ಮೂಲೆಯ ಗುರುತು ಮಾತ್ರ ನಿನ್ನೆ ಹಾಕಿದಷ್ಟು ಕಪ್ಪು.

“ಅದನ್ನ ಮೇಲಿರೋ ಒಗೆಯೋರನ್ನೇ ಕೇಳಿ. ನಾನು ತಲುಪಿಸಬೇಕಾದ್ದು ಇದೊಂದು. ಕೈ ನೀಡಿ.”

ಸವೇರಪ್ಪನವರು ಎರಡು ಕೈಯನ್ನೂ ನೀಡಿದರು, ಸತ್ಪ್ರಸಾದಕ್ಕೆ ಬಾಗುವವರಂತೆ ತಲೆಬಾಗಿ.

ನೆಟ್ಟಗೆ ಅವರು ಹೋದದ್ದು ಗುರುಗಳ ಮನೆಗೆ. ಪಾಪನಿವೇದನೆಯಲ್ಲಿ ಏನು ಹೇಳಿದರೆಂಬುದು ನಮಗೆ ಗೊತ್ತಿಲ್ಲ, ಗೊತ್ತಿರಲೂಬಾರದು. ಆದರೆ ಸತ್ತವರ ಹಬ್ಬದ ದಿನ ಗುರುಗಳು ಪಟ್ಟಿಯನ್ನು ತಾವು ಓದದೆ ಸವೇರಪ್ಪನವರ ಕೈಗೆ ಕೊಟ್ಟರು. ಅವರು ಒಂದೊಂದೇ ಹೆಸರು ಓದಿ, ಕಡೆಯ ಸಾಲಿಗೆ ಬಂದು ನಿಂತರು. “ಬರ್ತಲೋಮ. ನಮ್ಮಣ್ಣ. ಮೂರನೇ ಸಲ ಅವನು ನಿಜವಾಗಿ ಕರೆದಿದ್ದ, ನಾನು ಹೇಳಲಿಲ್ಲ” ಎಂದರು. ಪ್ರತಿ ಹೆಸರಿಗೂ ಜನ ಒಟ್ಟಾಗಿ ‘ಅವರಿಗೆ ವಿಶ್ರಾಂತಿ ದೊರೆಯಲಿ’ ಎಂದಿದ್ದರು, ಈ ಹೆಸರಿಗೆ ಯಾರ ಬಾಯಿಯೂ ಏಳಲಿಲ್ಲ. ಹೆಂಗಸರ ಕಡೆಯಿಂದ, ಕಟ್ಟಕಡೆಯ ಸಾಲಿನಿಂದ, ಒಂದು ಮುದಿ ದನಿ ಆ ಮಾತನ್ನು ಒಂಟಿಯಾಗಿ ಹೇಳಿತು. ಆಮೇಲೆ ಊರು ಹೇಳಿತು.

ನರಕದ ಪ್ರಶ್ನೆ ಸವೇರಪ್ಪನವರಿಗೆ ಕಡೆಯವರೆಗೂ ಬಗೆಹರಿಯಲಿಲ್ಲ. ವಾದ ಮಾಡಲು ಬಂದವರಿಗೆ, “ನನಗೆ ತಿಳೀದಪ್ಪ. ಯಾರಾದರೂ ಕರೆದರೆ ಹೋಗಬೇಕು, ಅಷ್ಟು ತಿಳಿದಿದೆ” ಎನ್ನುತ್ತಿದ್ದರು. ಹಾಗೆಯೇ ನಡೆದುಕೊಂಡರು. ಮೂವತ್ತೊಂದು ವರ್ಷ, ಯಾವ ಹೊತ್ತಿಗೆ ಯಾರು ಹೇಳಿಕಳುಹಿಸಿದರೂ, ಹುಡುಗಾಟಕ್ಕೆ ಕರೆದರೂ, ಅಣ್ಣನ ಪಂಚೆ ಉಟ್ಟುಕೊಂಡು ಸತ್ಪ್ರಸಾದ ಹಿಡಿದ ಗುರುಗಳ ಮುಂದೆ ಗಂಟೆ ಹಿಡಿದು ನಡೆದರು. ಒಬ್ಬ ಕುಡುಕ ಅವರನ್ನು ಒಂಬತ್ತು ಸಲ ಸುಮ್ಮಸುಮ್ಮನೆ ಓಡಿಸಿದ. “ಹತ್ತನೇದು ನಿಜ ಇರಬೋದು” ಎಂದು ಹತ್ತನೆಯ ಸಲವೂ ಹೋದರು. ಅದೂ ಸುಳ್ಳೇ ಆಗಿತ್ತು ಅನ್ನಿ. ಆ ಪಂಚೆ ಬೀದಿಯಲ್ಲಿ ಕಂಡರೆ ಸಾಕು, ಜನ ಎದ್ದು ನಿಂತು ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಳ್ಳುತ್ತಿದ್ದರು. ಬೇರೆ ದಿನಗಳಲ್ಲಿ ಅದನ್ನು ಅವರು ಉಡುತ್ತಿರಲಿಲ್ಲ.

ಮದಲೇನಮ್ಮನವರು ಅಷ್ಟರಲ್ಲಿ ಪ್ರಭುವಿನ ಪಾದ ಸೇರಿ ಎಷ್ಟೋ ಕಾಲವಾಗಿತ್ತು. ಕಲ್ಲಿನ ಕೆಲಸ ಅವರ ತಂಗಿಯ ಸೊಸೆ ಲೂರ್ದಮ್ಮನಿಗೆ ಬಂದಿತ್ತು. ಸವೇರಪ್ಪನವರು ಸಾವಿನ ಹಾಸಿಗೆ ಹಿಡಿದಿದ್ದ ಒಂದು ಬೆಳಗ್ಗೆ ಅವರ ಮಗಳು ಆ ಪಂಚೆಯನ್ನು ತಂದು ಅವಳ ಕೈಗಿಟ್ಟಳು. “ಅಪ್ಪ ಹೇಳಿದ್ರು. ಸ್ವಾಮಿಗಳು ಬರ್ತಾರಂತೆ, ಬೇಗ ಒಗೆದುಕೊಡಬೇಕಂತೆ.”

ಲೂರ್ದಮ್ಮ ಹೂಡಿದ್ದ ಉಬ್ಬೆಯನ್ನು ಹಾಗೇ ಬಿಟ್ಟಳು. ಪಂಚೆಯನ್ನು ತಿಳಿನೀರಲ್ಲಿ ಸೆಳೆದು, ಹಿಂಡಿ, ಹೆಗಲ ಮೇಲೆ ಹಾಕಿಕೊಂಡು ಏರಿ ಹತ್ತಿ ಓಡಿದಳು. ಗುರುಗಳು ಹೊಸ್ತಿಲು ದಾಟುವ ಮೊದಲು ಅವಳು ದಾಟಿದ್ದಳು. ಸವೇರಪ್ಪನವರು ಅದನ್ನು ಉಟ್ಟು ದೇವರನ್ನು ಬರಮಾಡಿಕೊಂಡರು. ಪಂಚೆ ಇನ್ನೂ ಒದ್ದೆಯಾಗಿಯೇ ಇತ್ತು.